ಕುರ್ಚಿಯ ಪಾಲಿನ ಉತ್ತರ

"ನಮ್ಮ ಮಾತು ನಿನ್ನಲ್ಲೇ ಮುಗೀಬಾರ್ದು. ಹುಟ್ಟೋ ಕೂಸಿಗೆ ಕಲಿಸ್ತೀಯಾ?" ಎಂದು ಕೊನೆಗಾಲದಲ್ಲಿ ಅಮ್ಮ ಕೇಳಿದಾಗ, ತುಂಬು ಬಸುರಿಯಾಗಿದ್ದ ಮಗಳು, "ನಿನ್ನಾಣೆ, ಕಲಿಸ್ತೀನಿ," ಎಂದಿದ್ದಳು. ಆ ಮನೆಮಾತು ಬಲ್ಲವರು ಸುತ್ತಮುತ್ತ ಬೇರೆ ಯಾರೂ ಉಳಿದಿರಲಿಲ್ಲ.

ಹುಟ್ಟಿದವಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ತೊದಲು ಬಾಯಲ್ಲಿ ಬೀದಿ ಮಕ್ಕಳೆದುರು ಮನೆಮಾತಾಡಿ, ನಗೆಪಾಟಲಾಗಿ ಅಳುತ್ತಾ ಬಂದಳು. ದರ್ಜಿ ಕೆಲಸದಲ್ಲಿ ತಲೆ ಎತ್ತಲಾಗದೆ ಕೂತಿದ್ದ ತಾಯಿ, "ಹೋಗ್ಲಿ, ಇನ್ನು ಆಡೋದು ಬೇಡ ಬಿಡು," ಎಂದುಬಿಟ್ಟಳು. ಬಿಟ್ಟಿದ್ದು ಬಿಟ್ಟೇ ಹೋಯಿತು.

ಆದರೆ ತಾಯಿಯ ನಾಲಿಗೆ ಕೇಳಬೇಕಲ್ಲ? ಸಂಜೆ ಅಂಗಡಿ ಮುಚ್ಚಿ, ಹಿಂದಿನ ಕೋಣೆಯಲ್ಲಿ ತೀರಿಹೋದ ಅಮ್ಮ ಗುಂಡಿ ಹೊಲಿಯುತ್ತಾ ಕೂರುತ್ತಿದ್ದ ಕುರ್ಚಿಯೆದುರು ಕೂತು ಮನೆಮಾತಿನಲ್ಲಿ ಕೇಳುವಳು: "ಊಟ ಆಯ್ತಾ?" ಉತ್ತರ ಬರುವಷ್ಟು ಹೊತ್ತು ಕಾಯುವಳು. "ಮೊಣಕಾಲು ಹೇಗಿದೆ?" ಮತ್ತೆ ಕಾಯುವಳು. ಒಮ್ಮೊಮ್ಮೆ ಕುರ್ಚಿ ಕಿರ್ರೆನ್ನುತ್ತಿತ್ತು. ಹಳೇ ಮರ, ಅಷ್ಟೇ ಎಂದುಕೊಳ್ಳುವಳು.

"ಯಾರ ಹತ್ರಮ್ಮಾ ಮಾತು?" ಬಾಗಿಲಾಚೆಯಿಂದ ಚೂಟಿ.

"ಗೋಡೆ ಹತ್ರ. ನಿನಗಿಂತ ಅದೇ ವಾಸಿ, ಎದುರು ಮಾತಾಡಲ್ಲ."

ಒಂದು ಸಂಜೆ ಗಿರಾಕಿಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಹಿಂದಿನ ಕೋಣೆಯಿಂದ ಮನೆಮಾತು ಕೇಳಿಸಿತು. "ಊಟ ಆಯ್ತಾ?" ಮೌನ. "ಮೊಣಕಾಲು ಹೇಗಿದೆ?" ಮೌನ. ತಾಯಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಇಣುಕಿದಳು.

ಚೂಟಿ ಕುರ್ಚಿಯೆದುರು ಕೂತಿದ್ದಳು. ತಾಯಿಯದೇ ರಾಗ, ತಾಯಿಯದೇ ನಿಟ್ಟುಸಿರು, ನಡುವೆ ಅಷ್ಟೇ ಹೊತ್ತಿನ ಮೌನ.

"ಏನ್ ಮಾಡ್ತಿದೀಯೇ?"

"ಅಜ್ಜಿ ನಂಗೂ ಉತ್ತರ ಕೊಡ್ತಾಳಾ ನೋಡ್ತಿದ್ದೆ. ಪ್ರಶ್ನೆ ಎಲ್ಲಾ ಬಾಯಿಪಾಠ ಆಗಿದೆ. ಉತ್ತರ ಒಂದೂ ಗೊತ್ತಿಲ್ಲ. ನಿಂಗೆ ಕೇಳ್ಸುತ್ತಲ್ಲ, ನಂಗ್ಯಾಕಮ್ಮಾ ಕೇಳ್ಸಲ್ಲ?"

ತಾಯಿ ಒಳಗೆ ಬಂದಳು. ತನಗೂ ಎಂದೂ ಕೇಳಿಸಿಲ್ಲ ಎಂದು ಹೇಗೆ ಹೇಳುವುದು? ಅಮ್ಮ ಹೋದಮೇಲೆ ಯಾರೂ ಕೂರದ ಆ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. ಅದು ಕಿರ್ರೆಂದಿತು.

"ಈಗ ಕೇಳು," ಎಂದಳು.

ಚೂಟಿ ಹೆದರುತ್ತಲೇ ಕೇಳಿದಳು: "ಮೊಣಕಾಲು ಹೇಗಿದೆ?"

"ಕರೆಯದೆ ಬಂದ ನೆಂಟನ ಹಾಗಿದೆ ನೋವು. ಹೋಗು ಅಂದ್ರೂ ಹೋಗಲ್ಲ."

ಮನೆಮಾತಿನಲ್ಲಿ ಅಮ್ಮ ಸದಾ ಹೇಳುತ್ತಿದ್ದುದೇ ಅದು. ಬಾಯಿ ಇವಳದು, ದನಿ ಅಮ್ಮನದು.

"ಹಾಗಂದ್ರೇನು?" ಚೂಟಿ ಹತ್ತಿರ ಸರಿದಳು.

ತಾಯಿ ಬಿಡಿಸಿ ಹೇಳಿದಳು. ಚೂಟಿ ಅದನ್ನೇ ತಿರುಗಿ ಹೇಳಿದಳು. ಇಬ್ಬರೂ ಮುಂದಿನ ಪ್ರಶ್ನೆಗೆ ಹೋದರು.

ಅಮ್ಮನಿಗೆ ಕೊಟ್ಟ ಮಾತು, ತಡವಾಗಿಯಾದರೂ, ನಡೆಯಿತು.