ಸಿದ್ದಕ್ಕನಿಗೆ ಹೇಗೆ ಹೇಳಲಿ

ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿದೆ, ಅದರ ಹಾಡಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ, ಗಾಜಿನ ಜೊತೆ ನನ್ನ ಸೊಂಟದೊಳಗಿನ ನೋವೂ ನಡುಗುತ್ತದೆ — ಮುಧೋಳದ ಈ ದವಾಖಾನೆಗೆ ಮೊನ್ನೆ ಬಂದದ್ದು, ಕಂಬಳಿ ಹಾಸಿದಲ್ಲೇ ಮಲಗಿ ಮುದುಕನಾದವನು ನಾನು, ಇಲ್ಲಿ ಹೊರಳಿದರೆ ಮಂಚದ ಕಬ್ಬಿಣ ಕಿರುಗುಟ್ಟುತ್ತದೆ, ಆಪರೇಷನ್ನಾದರೆ ಹೊಟ್ಟೆ ಖಾಲಿ ಇರಬೇಕಂತೆ, ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕೊಟ್ಟಿಲ್ಲ, ಇನ್ನೇನು ಡಾಕ್ಟರು ಬರುತ್ತಾಳೆ, ಬಂದವಳೇ ಕೇಳುತ್ತಾಳೆ, ಏನ್ ವಿಚಾರ ಮಾಡಿದ್ರಿ ಅಮಸಿದ್ದಪ್ಪಜ್ಜಾರ, ಇಂಜೆಕ್ಷನ್ನೋ ಆಪರೇಷನ್ನೋ — ಏನು ಹೇಳಲಿ. ನನ್ನ ಮೊಮ್ಮಗಳ ವಯಸ್ಸು ಅವಳದು. ನಿನ್ನೆ ಕುರ್ಚಿಯಿಂದ ಕೈ ಊರದೆ ಏಳಿಸಿದಳು, ಬಾಗಿಲ ತನಕ ನಡೆಸಿದಳು, ಅಡ್ಡಾಡುವಾಗ ಬಿದ್ದೀರೇನ್ರಿ, ಮೈ ಇಳದೈತೇನ್ರಿ, ರಾತ್ರಿ ಎಷ್ಟ ಸಲ ಒಂದಕ್ಕ ಏಳ್ತೀರಿ — ಎಣಿಸಿದವರಾರು ತಾಯಿ, ಏಳುತ್ತೇನೆ, ಗೋಡೆ ಹಿಡಿದು ನಿಲ್ಲುತ್ತೇನೆ, ಉರಿ ಬರುತ್ತದೆ, ಹನಿ ಬರುವುದಿಲ್ಲ. ಮಗ ಪರಮೇಶ ತಲೆ ತಗ್ಗಿಸಿ ನಿಂತಿದ್ದ, ಅವಳು ಅವನಿಗೇ ಹೇಳಿದಳು, ಮುದುಕನಿಗೆ ಕಿವಿ ಕೇಳದು ಎಂದುಕೊಂಡಳೇನೋ, ಪ್ರಾಸ್ಟೇಟ್ ಕ್ಯಾನ್ಸರ್ ಐತ್ರಿ, ಎಲುಬಿಗೆ ಇಳದೈತಿ, ಪೂರಾ ಹೋಗೂದಿಲ್ಲ, ಆದ್ರ ಗಂಡಸರ ಹಾರ್ಮೋನ್ ಬಂದ್ ಮಾಡಿದ್ರ ಬಹಳ ದಿನ ತಣ್ಣಗ ಕುಂದರತೈತಿ, ಅದಕ್ಕ ಮೂರ ತಿಂಗಳಿಗೊಮ್ಮೆ ತಪ್ಪದಂಗ ಇಂಜೆಕ್ಷನ್ ಆಗಬೇಕು, ಇಲ್ಲಾಂದ್ರ ಒಂದ ಸಲ ಸಣ್ಣ ಆಪರೇಷನ್, ಬೀಜ ತಗದಬಿಡ್ತೀವಿ.

ಬೀಜ. ಹಾಗೆಯೇ ಅಂದಳು, ಅವಳು ನಾಚಲಿಲ್ಲ, ನಾನು ನಾಚಿ ಕಿಟಕಿಯ ಕಡೆ ನೋಡಿದೆ. ಎಷ್ಟು ಟಗರುಗಳ ಬೀಜ ಒಡೆದಿದ್ದೇನೆ ಹುನ್ನೂರಿನ ಕುರಿದಡ್ಡಿಯಲ್ಲಿ, ಜೊತೆಗಾರ ಜಕ್ಕಪ್ಪ ಕೊಂಬು ಹಿಡಿಯುತ್ತಿದ್ದ, ಕಾಲು ಮಡಚಿ ಒತ್ತಿ ನಾನು — ಆದ ಮೇಲೆ ಟಗರು ಕೂಗುವುದಿಲ್ಲ, ಬೇಲಿಗೆ ಮುಖ ಮಾಡಿ ನಿಲ್ಲುತ್ತದೆ, ಮೇವು ಮುಟ್ಟುವುದಿಲ್ಲ, ಆಮೇಲೆ ಕೊಬ್ಬುತ್ತದೆ, ಕಾದಾಟ ಮರೆಯುತ್ತದೆ, ನಾವು ನಗುತ್ತಿದ್ದೆವು. ನನ್ನ ದನಿ ಸಣ್ಣದಾದರೆ? ಮೀಸೆ ಉದುರಿದರೆ? ಬೀರಪ್ಪನ ಗುಡಿಯಲ್ಲಿ ಡೊಳ್ಳು ಕಟ್ಟಿಕೊಂಡಾಗ ಜಕ್ಕಪ್ಪ ನನ್ನ ಕಡೆ ಒಂದು ಸಲ ನೋಡಿ ನಗು ಮುಚ್ಚಲು ಬಾಯಿ ಒರೆಸಿಕೊಂಡರೆ? ಇಂಜೆಕ್ಷನ್ ಎಂದುಬಿಡಲೇ, ಆದರೆ ಹಿಂಡಿನ ಜೊತೆ ಹೊಳೆಯಾಚೆ ಹೋದವನಿಗೆ ಯಾವ ತಿಂಗಳು ಯಾವುದೋ, ಒಂದು ತಪ್ಪಿದರೂ ನೋವು ತಿರುಗಿ ಬರುತ್ತದೆ ಎಂದಳಲ್ಲ, ಬೆನ್ನೆಲುಬು ಕುಸಿದರೆ ಕಾಲು ಹೋಗುತ್ತವೆ ಎಂದಳಲ್ಲ, ಕಾಲಿಲ್ಲದ ಕುರಿಗಾರ — ಬೀರಪ್ಪಾ. ಸಿದ್ದಕ್ಕ ಮಂಚದ ಕಾಲ್ಕಡೆ ಕೂತು ನನ್ನ ಕಂಬಳಿ ಮಡಚುತ್ತಿದ್ದಾಳೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಾಳೆ, ಅವಳಿಗೆ ಪರಮೇಶ ಹೇಳಿದ್ದು ಇಷ್ಟೇ, ಅಪ್ಪಗ ಒಂದಕ್ಕ ಹೋಗೂ ಹಾದ್ಯಾಗ ಗಂಟ ಐತಿ ಯವ್ವಾ. ಐವತ್ತು ವರ್ಷ ನನ್ನ ಹೆಂಡತಿಯಾಗಿ ಬಾಳಿದವಳು, ಇವಳಿಗೆ ಹೇಳುವಾಗಲೇ ನಾಲಿಗೆ ಒಣಗುವುದೇಕೆ, ಪರಮೇಶ, ನೀ ಚಹಾ ಕುಡದ ಬಾ ಹೋಗು, ಅವನು ಹೋದ, ಹೇಳಿದೆ, ಎರಡೇ ಮಾತು, ಟಗರಿಗೆ ಮಾಡೂದು ನನಗ ಮಾಡ್ತಾರಂತ, ಆಮ್ಯಾಲೆ ನಾ ಗಂಡಸಲ್ಲ.

ಅವಳ ಕೈ ನಿಂತಿತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ, ನೆಟ್ಟಗೆ ನೋಡಿದಳು, ಮಗಳು ತಂಗೆವ್ವ ಇನ್ನಾ ಸಾಲಿಗೂ ಹೊಂಟಿರಲಿಲ್ಲ, ಜಮಖಂಡ್ಯಾಗ ನನ್ನ ಗರ್ಭಚೀಲ ತಗದ್ರು, ನೆಪ್ಪೈತೇನ್ರಿ, ಆವಾಗ ನಾ ಹೆಂಗಸಲ್ಲದಂಗ ಆದ್ನೇನು? ಇಲ್ಲ, ಎಂದೆ. ನನ್ನ ಯಾರ ಕೇಳಿದ್ರು ಬೇಕೋ ಬ್ಯಾಡೋ ಅಂತ, ನಿಮ್ಮನ್ನರ ಕೇಳಾಕತ್ತಾರ, ಹೇಳ್ರಿ ಬಾಯಿಬಿಟ್ಟು. ನನಗೆ ಆಗ ಅವಳಲ್ಲಿ ಏನೂ ಬೇರೆ ಕಂಡಿರಲಿಲ್ಲ, ಅವಳಿಗೆ ಕಂಡಿತ್ತೇ, ಸಂಜೆ ದಡ್ಡಿಯ ಬಾಗಿಲಲ್ಲಿ ಸುಮ್ಮನೆ ಕೂರುತ್ತಿದ್ದಳಲ್ಲ, ಅದೇ ಏನು — ಕೇಳಬೇಕು, ಈಗ ಕೇಳಿದರೆ ನಕ್ಕಾಳು, ಡಾಕ್ಟರು ಬಂದಳು, ಏನ್ರಿ ಅಜ್ಜಾರ, ನನ್ನ ದನಿ ನನಗೇ ಕೇಳಿಸಿತು, ದಪ್ಪಗೇ ಇತ್ತು, ತಗದಬಿಡ್ರಿ.

ಗಾಲಿಕುರ್ಚಿ ತಂದರು, ಬೇಡ, ನಡೆದೇ ಹೋಗುತ್ತೇನೆ, ಒಂದು ಕಡೆ ಮಗ ಒಂದು ಕಡೆ ಗೋಡೆ, ಬಾಗಿಲಲ್ಲಿ ನರ್ಸು ತಡೆದಳು, ಚಪ್ಪಲ್ ಇಲ್ಲೇ ಬಿಡ್ರಿ ಯಜ್ಜಾ. ಬಿಟ್ಟೆ. ಒಳಗೆ ಚಳಿ, ಬಿಳಿ ದೀಪ, ಬಗ್ಗಿ ಕುಂದ್ರಿ, ಬೆನ್ನಿಗೆ ಸೂಜಿ, ಅಲಗ್ಯಾಡಬ್ಯಾಡ್ರಿ, ಬೆಚ್ಚಗೆ ಏನೋ ಸೊಂಟದಿಂದ ಇಳಿಯುತ್ತದೆ, ತೊಡೆ ಹೋಯಿತು, ಮೊಣಕಾಲು ಹೋಯಿತು, ಕಾಲ ಎತ್ರಿ ಅಜ್ಜಾರ ನೋಡೋಣು — ಯಾವ ಕಾಲು, ಎಲ್ಲಿದೆ ಕಾಲು, ಬಾಗಿಲು ಮುಚ್ಚುವಾಗ ತಿರುಗಿ ನೋಡಿದ್ದೆ, ಸಿದ್ದಕ್ಕ ಬಗ್ಗಿದ್ದಳು, ಸೆಗಣಿ ಮೆತ್ತಿದ ನನ್ನ ಚಪ್ಪಲಿ ಎತ್ತಿಕೊಂಡಳು, ಅಷ್ಟು ಜನರೆದುರು, ಸೆರಗಿನಿಂದ ಒರೆಸಿ ಎದೆಗೆ, ಎತ್ರಿ ಅಜ್ಜಾರ, ಎದೆಗೆ ಒತ್ತಿ ಹಿಡಿದಳು, ಚಪ್ಪಲಿ, ಅವಳ ಎರಡೂ ಕೈಯಲ್ಲಿ, ನನ್ನ ಚಪ್ಪಲಿ