ಅಜ್ಜಿ ಪಾಸು ಮಾಡಿಸಿದ ಪರೀಕ್ಷೆ

ನಮ್ಮಮ್ಮನಿಗೆ ಪರೀಕ್ಷೆ ಎಂದರೆ ಪಾಸಾಗುವುದು ಒಂದೇ ಗೊತ್ತು. ಬದುಕಿಡೀ ಶಾಲೆಯಲ್ಲಿ ಪಾಠ ಹೇಳಿ, ಎಂಥೆಂಥ ದಡ್ಡರನ್ನೂ ತಳ್ಳಿ ತಳ್ಳಿ ಮೇಲಿನ ತರಗತಿಗೆ ಹತ್ತಿಸಿದ ಟೀಚರು ಅವಳು. ನಿವೃತ್ತಿಯಾದರೂ ಆ ಚಾಳಿ ಬಿಡಲಿಲ್ಲ. ಈ ಒಂದು ಸಲ ನಮ್ಮ ಹುಡುಗಿ ಫೇಲಾಗಬೇಕಿತ್ತು ಎಂಬುದು ಅವಳ ತಲೆಗೆ ಹೊಳೆಯುವುದಾದರೂ ಹೇಗೆ?

ಹುಡುಗಿ ಎಂದರೆ ನನ್ನ ಅಕ್ಕನ ಮಗಳು. ಹನ್ನೊಂದು ವರ್ಷ. ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತೇವೆ. ಆಟಿಸಂ ಇದೆ. ಬಾಯಲ್ಲಿ ನಾಲ್ಕಾರು ಮಾತಷ್ಟೇ, ಕಾಲಿಗೆ ಮಾತ್ರ ಬ್ರೇಕಿಲ್ಲ. ಬಾಗಿಲು ತೆರೆದಿದ್ದರೆ ಬೀದಿ, ಬೀದಿ ಸಿಕ್ಕರೆ ಯಾರದೋ ಮನೆ, ಮನೆ ಹೊಕ್ಕರೆ ನೇರ ಅವರ ಫ್ರಿಜ್ಜು. ಅದರೊಳಗಿದ್ದುದನ್ನೆಲ್ಲ ನೆಲಕ್ಕಿಳಿಸಿ, ಎತ್ತರ ನೋಡಿ ಮತ್ತೆ ಜೋಡಿಸಿದ ಮೇಲೆಯೇ ಅವಳಿಗೆ ಸಮಾಧಾನ. ನಮ್ಮ ಬೀದಿಯ ಫ್ರಿಜ್ಜುಗಳು ಹಿಂದೆಂದೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲ, ಆದರೆ ಅದಕ್ಕೆ ಯಾರೂ ಇವತ್ತಿನವರೆಗೆ ನಮಗೆ ಥ್ಯಾಂಕ್ಸ್ ಹೇಳಿಲ್ಲ.

ಅಕ್ಕನಿಗೆ ಹರ್ನಿಯಾ ಆಗಿತ್ತು. ಆಪರೇಷನ್ ಆಗಲೇಬೇಕು, ಆದಮೇಲೆ ಕೆಲವು ವಾರ ಭಾರ ಎತ್ತಬಾರದು, ಓಡಬಾರದು, ಯಾರನ್ನೂ ಹಿಡಿದು ಎಳೆಯಬಾರದು ಎಂದರು ಡಾಕ್ಟರು. ಅಂದರೆ ಅಕ್ಕ ದಿನಾ ಮಾಡುವ ಕೆಲಸ ಒಂದನ್ನೂ ಮಾಡಬಾರದು. ಭಾವ ದೂರದ ಊರುಗಳಿಗೆ ಲಾರಿ ಓಡಿಸುವವರು, ತಿಂಗಳಿಗೆ ಒಂದೆರಡು ಸಲ ಮನೆ ಕಂಡರೆ ಹೆಚ್ಚು. ನಾನು ಪರದೆ ಹೊಲಿಯುವವಳು. ನನ್ನ ಅಂಗಡಿ ತುಂಬ ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆ. ಅಮ್ಮನೇನೋ ನಾನಿಲ್ಲವೇ, ನೋಡಿಕೊಳ್ಳುತ್ತೇನೆ, ನೀನು ಹೋಗಿ ಮಾಡಿಸಿಕೊಂಡು ಬಾ ಎನ್ನುತ್ತಲೇ ಇದ್ದಳು. ಅಕ್ಕ ಹೂಂ ಎಂದು ತಲೆಯಾಡಿಸುತ್ತಿದ್ದಳು, ಆಮೇಲೆ ಆಸ್ಪತ್ರೆಗೆ ಫೋನು ಮಾಡಿ ದಿನ ಮುಂದೂಡುತ್ತಿದ್ದಳು. ಕೊನೆಗೊಂದು ದಿನ ಡಾಕ್ಟರು ಬೈದೇ ಬಿಟ್ಟರು. ಇನ್ನು ತಡ ಮಾಡಿದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರುತ್ತದೆ ಎಂದರು.

ನೆರವು ಹುಡುಕಿಕೊಂಡು ನಾನೂ ಅಕ್ಕನೂ ಅಲೆದೆವು. ಆಸ್ಪತ್ರೆಯವರು ಅದು ಶಾಲೆಯವರ ಕೆಲಸ ಎಂದರು. ಶಾಲೆಯವರು ಅಂಗವಿಕಲರ ಕಲ್ಯಾಣ ಕಚೇರಿಗೆ ಹೋಗಿ ಎಂದರು. ಕಚೇರಿಯಲ್ಲಿ ಕೂತಿದ್ದಾತ ಆಕಳಿಸುತ್ತಾ, ಆಸ್ಪತ್ರೆಯಲ್ಲೊಮ್ಮೆ ವಿಚಾರಿಸಬಾರದೇ ಎಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಾವು ಹೊರಟಿದ್ದೇ ಅಲ್ಲಿಂದ ಎಂದು ಅವನ ಮೇಜು ಕುಟ್ಟಿ ಬಂದೆ. ಮೇಜಿಗೇನೂ ಆಗಲಿಲ್ಲ, ನನ್ನ ಕೈ ಊದಿಕೊಂಡಿತು.

ಕೊನೆಗೆ ದಾರಿ ಸಿಕ್ಕಿದ್ದು ಒಂದು ಚಪ್ಪಲಿ ಅಂಗಡಿಯಲ್ಲಿ. ಹೊಸ ಬೂಟು ಕಾಲಿಗೆ ತಾಗಿದ್ದೇ ಗುಬ್ಬಿ ಕಿರುಚಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದಳು. ಸುತ್ತ ನಿಂತವರ ಬಿಟ್ಟಿ ಸಲಹೆ ಶುರುವಾಯಿತು. ಒಬ್ಬರು ಎರಡು ಬಾರಿಸಿ ಎಂದರೆ ಇನ್ನೊಬ್ಬರು ಚಾಕಲೇಟು ಕೊಡಿ ಎಂದರು. ಆಗ ಒಬ್ಬ ದಪ್ಪನೆಯ ಹೆಂಗಸು ಕೈಚೀಲ ಬದಿಗಿಟ್ಟು, ಗುಬ್ಬಿಯಿಂದ ಸ್ವಲ್ಪ ದೂರದಲ್ಲಿ ತಾನೂ ನೆಲದ ಮೇಲೆ ಕೂತುಬಿಟ್ಟಳು. ಗಲಾಟೆ ತಣ್ಣಗಾದ ಮೇಲೆ ಅಕ್ಕನತ್ತ ತಿರುಗಿದಳು.

"ನನ್ನ ಮಗನಿಗೀಗ ಇಪ್ಪತ್ತು ವರ್ಷ. ಅವನು ಹೀಗೆ ಮಲಗಿದ್ರೆ ಅಂಗಡೀನೇ ಬಾಗಿಲು ಹಾಕ್ಬೇಕು."

ಗ್ರಂಥಾಲಯದ ಹಿಂದಿನ ಓಣಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಒಂದು ಕೇಂದ್ರವಿದೆಯೆಂದು ಹೇಳಿದ್ದು ಅವಳೇ. ಇಂಥ ಮಕ್ಕಳ ತಂದೆತಾಯಿಯರೇ ಸೇರಿ ಕಟ್ಟಿದ್ದಂತೆ. ಹಗಲು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಕಷ್ಟಕಾಲದಲ್ಲಿ ಮನೆಗೂ ಜನ ಕಳಿಸುತ್ತಾರೆ. ಜಾಗ ಕಡಿಮೆ, ಕೇಳುವವರು ಹೆಚ್ಚು. ಹಾಗಾಗಿ ಮೊದಲು ಮಗುವನ್ನೂ ಮನೆಯವರನ್ನೂ ಕರೆದು ಮಾತಾಡಿಸಿ, ಯಾರಿಗೆ ಹೆಚ್ಚು ಅಗತ್ಯ ಎಂದು ನೋಡುತ್ತಾರೆ ಎಂದಳು.

ಈ ಕೊನೆಯ ಮಾತನ್ನು ನಾವು ಮನೆಯಲ್ಲಿ ಹೇಳಿದಾಗ ಅಮ್ಮನ ಕಿವಿಗೆ ಬಿದ್ದದ್ದು ಅರ್ಧವೇ. ಕರೆದು ಮಾತಾಡಿಸುತ್ತಾರೆ ಎಂದರೆ ಸಂದರ್ಶನ, ಸಂದರ್ಶನ ಎಂದರೆ ತಯಾರಿ. ಅವತ್ತಿನಿಂದಲೇ ಮನೆ ಶಾಲೆಯಾಯಿತು. ಗುಬ್ಬಿ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು, ಕೈಗಳು ಮಡಿಲಲ್ಲಿರಬೇಕು, ಹೆಸರು ಕೇಳಿದರೆ ಹೇಳಬೇಕು. ಸರಿ ಮಾಡಿದಾಗಲೆಲ್ಲ ಒಂದು ಸೌತೆಕಾಯಿ ಹೋಳು. ಸೌತೆಕಾಯಿ ಕೊಟ್ಟರೆ ಗುಬ್ಬಿ ಬೆಟ್ಟ ಬೇಕಾದರೂ ಹತ್ತಿಯಾಳು. ನಮಗೂ ಪಾಠವಿತ್ತು. ಮನೆಯ ಮಾತು ಹೊಸ್ತಿಲು ದಾಟಬಾರದು, ಅಕ್ಕ ನಗುನಗುತ್ತಿರಬೇಕು, ನಾನಂತೂ ಬಾಯೇ ತೆರೆಯಬಾರದು.

ಕೇಂದ್ರದಲ್ಲಿ ನಮ್ಮನ್ನು ಮಾತಾಡಿಸಿದ್ದು ಕನ್ನಡಕ ಹಾಕಿದ್ದ ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಗುಬ್ಬಿ ಕುರ್ಚಿಯಲ್ಲಿ ಕೂತ ಠೀವಿ ನೋಡಬೇಕಿತ್ತು, ಥೇಟ್ ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ. ಅವಳ ಕಣ್ಣು ಅಮ್ಮನ ಚೀಲದಲ್ಲಿದ್ದ ಡಬ್ಬಿಯ ಮೇಲೆ ನೆಟ್ಟಿತ್ತೆಂದು ಮೇಡಂಗೆ ಗೊತ್ತಾಗಲಿಲ್ಲ. ಬಟ್ಟೆ ತಾನೇ ಹಾಕಿಕೊಳ್ಳುತ್ತಾಳಾ ಎಂದು ಕೇಳಿದರೆ ಅಮ್ಮ ಓಹೋ ಎಂದಳು. ನಿದ್ದೆ? ದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಏಳುವುದು. ಹೊರಗೆ ಓಡುತ್ತಾಳಾ? ಅಯ್ಯೋ, ಹೊಸ್ತಿಲು ದಾಟಲ್ಲ, ಬಂಗಾರದಂಥ ಮಗು. ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಅಮ್ಮ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದಳು. ನನ್ನ ಮೈ ಉರಿಯುತ್ತಿತ್ತು. ಆದರೂ ಚೆನ್ನಾಗಿರುವ ಮಗುವಾದರೆ ಬೇಗ ಸೇರಿಸಿಕೊಳ್ಳುತ್ತಾರೇನೋ ಎಂದು ನಾನೂ ನಂಬಿ ಸುಮ್ಮನಿದ್ದೆ. ಇಂಥ ಮಗು ಬೇಡ ಎಂದು ಜನ ಬಾಗಿಲು ಹಾಕುವುದನ್ನೇ ನೋಡಿ ಅಭ್ಯಾಸವಾದವರು ನಾವು.

ಮುಂದಿನ ವಾರ ಫೋನು ಬಂತು. ಮಗು ತುಂಬಾ ಚೆನ್ನಾಗಿ ನಿಭಾಯಿಸುತ್ತಿದೆ, ಮನೆಯಲ್ಲಿ ಒಳ್ಳೆಯ ಆಸರೆಯೂ ಇದೆ, ಹಾಗಾಗಿ ಸದ್ಯಕ್ಕೆ ಇನ್ನೂ ಕಷ್ಟದಲ್ಲಿರುವವರಿಗೆ ಜಾಗ ಕೊಡುತ್ತಿದ್ದೇವೆ ಎಂದರು.

"ನೋಡಿದ್ಯಾ, ನಮ್ಮ ಗುಬ್ಬಿ ಎಷ್ಟು ಚೆನ್ನಾಗಿ ಮಾಡಿದಾಳೆ ಅಂತ ಅವರೇ ಹೇಳ್ತಿದಾರೆ" ಎಂದು ಅಮ್ಮ ಶುರು ಮಾಡಿದಳು.

ಅಕ್ಕ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. "ಹೂಂ ಅಮ್ಮ. ಪಾಸ್ ಮಾಡಿಸಿಬಿಟ್ಟೆ. ಈಗ ನಾನೇನ್ ಮಾಡ್ಲಿ?"

ಅಮ್ಮ ಸೌತೆಕಾಯಿಯ ಡಬ್ಬಿಗೆ ಮುಚ್ಚಳ ಹಾಕಿ ಒಳಗಿಟ್ಟಳು.

ನಾನು ಅಂಗಡಿಗೆ ಬೀಗ ಹಾಕಿ ಸೀದಾ ಕೇಂದ್ರಕ್ಕೆ ಹೋಗಿ, ಇದ್ದದ್ದು ಇದ್ದ ಹಾಗೆ ಒದರಿಬಿಟ್ಟೆ. ಕನ್ನಡಕದ ಮೇಡಂ ಸಿಟ್ಟಾಗುತ್ತಾರೆ ಎಂದುಕೊಂಡಿದ್ದರೆ, ಅವರು ನಗತೊಡಗಿದರು. ಬರುವ ಅಜ್ಜಿಯರಲ್ಲಿ ಅರ್ಧ ಜನ ಹೀಗೇ, ಹೆತ್ತವರಿಗೆ ಹೆಗ್ಗಣ ಮುದ್ದು ಅಂದರೆ ಅಜ್ಜಿಯರಿಗೆ ಇನ್ನೂ ಒಂದು ಕೈ ಹೆಚ್ಚು ಎಂದರು. ಆಮೇಲೆ ನಗು ನಿಲ್ಲಿಸಿದರು.

"ನಿಮ್ಮ ಮಾತು ನಂಬ್ತೀನಿ. ಆದ್ರೆ ನಮ್ಮೋರು ಮನೆಗೆ ಬಂದಾಗ ಮನೇಲಿರೋದು ಅಜ್ಜಿ ತಾನೇ? ಅವರು ಎಲ್ಲಾ ಚೆನ್ನಾಗಿದೆ ಅಂತಾನೇ ಇದ್ರೆ ನಾವು ಸಹಾಯ ಮಾಡೋದು ಎಲ್ಲಿಂದ? ಶನಿವಾರ ಇಲ್ಲಿ ಎಲ್ಲಾ ಮಕ್ಕಳ ಮನೆಯವರೂ ಸೇರ್ತಾರೆ. ಅಜ್ಜೀನ ಕರ್ಕೊಂಡು ಬನ್ನಿ."

ಅಮ್ಮನನ್ನು ಹೊರಡಿಸುವುದೇನು ಸುಲಭವೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಬರುತ್ತೇನೆ, ಆದರೆ ಮಾತಾಡುವುದಿಲ್ಲ ಎಂದು ಕರಾರು ಹಾಕಿಯೇ ಹೊರಟಳು.

ಅಲ್ಲಿ ನಡೆಯುತ್ತಿದ್ದದ್ದು ಸಭೆಯಲ್ಲ, ಪೈಪೋಟಿ. ದಪ್ಪನೆಯ ಹೆಂಗಸು ತನ್ನ ಮಗ ಮದುವೆ ಮನೆಯೊಂದರಲ್ಲಿ ಅಷ್ಟೂ ದೀಪ ಆರಿಸಿ ಬಂದದ್ದನ್ನು ಹೇಳಿದಳು. ಬಸ್ ಡ್ರೈವರೊಬ್ಬರು, ತಮ್ಮ ಮಗಳು ನೆಂಟರ ತಲೆಯಿಂದ ಟೋಪನ್ ಕಿತ್ತು ನೀರಿಗೆ ಹಾಕಿದಳೆಂದರು. ಅದು ಸ್ವಂತ ಕೂದಲಲ್ಲ ಎಂದು ಆವರೆಗೆ ಆ ನೆಂಟರ ಹೆಂಡತಿಗೂ ಗೊತ್ತಿರಲಿಲ್ಲವಂತೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅಕ್ಕ ಒಂದು ಕೈಯಲ್ಲಿ ಹರ್ನಿಯಾ ಹಿಡಿದುಕೊಂಡೇ ನಕ್ಕಳು. ಮನೆಯೊಳಗಿನ ಮಾತನ್ನು ಹೀಗೆ ಗಟ್ಟಿಯಾಗಿ ಆಡುವ ಜನರನ್ನು ಅಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

ನಗು ಇಳಿದಾಗ ಅಮ್ಮ ಎದ್ದು ನಿಂತಳು, ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಹೇಳಲು ಎದ್ದ ಹುಡುಗಿಯಂತೆ.

"ನಾನು ಅವತ್ತು ಹೇಳಿದ್ದು ಅಷ್ಟೂ ಸುಳ್ಳು. ದೊಡ್ಡ ಮಗಳು ಸಾಮಾನು ತರೋಕೆ ಹೋದಾಗ ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿರ್ತೀನಿ. ಗುಬ್ಬಿ ತಳ್ಳಿದ್ರೆ ಬೀಳ್ತೀನಿ. ಎರಡು ಸಲ ಬಿದ್ದಿದೀನಿ, ಮನೇಲಿ ಹೇಳಿಲ್ಲ. ಅವಳು ಅಂದ್ರೆ ನನಗೆ ಪ್ರಾಣ. ಆದ್ರೆ ಅವಳ ಜೊತೆ ಒಬ್ಬಳೇ ಇರೋಕೆ ನನಗೆ ಭಯ."

ಬಸ್ ಡ್ರೈವರು ಮೆಲ್ಲಗೆ "ನನಗೂ" ಎಂದರು. ಆಚೆ ಮೂಲೆಯಿಂದ ಇನ್ನೊಬ್ಬರು ನನಗೂ ಎಂದರು. ಅಕ್ಕ ಅಮ್ಮನ ಕೈ ಹಿಡಿದು ಕೂರಿಸಿದಳು.

"ಗೊತ್ತಿತ್ತಮ್ಮ. ಅದಕ್ಕೇ ಆಪರೇಷನ್ ಮುಂದಕ್ಕೆ ಹಾಕ್ತಿದ್ದೆ."

"ಗೊತ್ತಿದ್ರೆ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು?" ಎಂದು ಅಮ್ಮ ಅಳುತ್ತಲೇ ಗದರಿದಳು. ನನಗೂ ಕಣ್ಣು ತುಂಬಿತು. ಅಷ್ಟು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಧೈರ್ಯದ ನಾಟಕ ಆಡಿಕೊಂಡಿದ್ದರಲ್ಲ ಎಂದು ಸಂಕಟವಾಯಿತು.

ಮತ್ತೊಮ್ಮೆ ಸಂದರ್ಶನ ನಡೆಯಿತು. ಈ ಸಲ ತಯಾರಿಯಿಲ್ಲ. ಬಟ್ಟೆ? ಬರಲ್ಲ. ನಿದ್ದೆ? ಇಲ್ಲ. ಓಡುತ್ತಾಳಾ? ಗಾಳಿಯ ಹಾಗೆ. ಒಂದೊಂದು ಉತ್ತರಕ್ಕೂ ಅಮ್ಮನ ದನಿ ಏರುತ್ತಿತ್ತು, ಇಷ್ಟು ಉತ್ಸಾಹದಿಂದ ಫೇಲಾದವರನ್ನು ನಾನು ನೋಡಿರಲಿಲ್ಲ. ಗುಬ್ಬಿಗೆ ಹಗಲು ಕೇಂದ್ರದಲ್ಲಿ ಜಾಗ ಸಿಕ್ಕಿತು, ಸಂಜೆಗೆ ಮನೆಗೆ ಬರಲು ಜನ ಗೊತ್ತಾದರು. ಅಕ್ಕ ಅಂದೇ ಆಸ್ಪತ್ರೆಗೆ ಫೋನು ಮಾಡಿದಳು, ದಿನ ಕೇಳಲು.

ಆಪರೇಷನ್ ದಿನ ಬೆಳಗ್ಗೆ ನಾನು ಅವಳ ಹಾಸಿಗೆಯ ಪಕ್ಕದಲ್ಲಿದ್ದೆ. ನರ್ಸ್ ಬಂದು, ವಾಪಸು ಹೋದಮೇಲೆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಅಕ್ಕ ಎಣಿಸತೊಡಗಿದಳು. ಅಮ್ಮ, ತಂಗಿ, ಸಂಜೆ ಬರುವ ಹುಡುಗಿ, ಅವಳು ಬರದಿದ್ದರೆ ಇಪ್ಪತ್ತು ವರ್ಷದ ಮಗನಿರುವ ಆ ದಪ್ಪನೆಯ ಹೆಂಗಸು, ಭಾನುವಾರ ಬಸ್ ಡ್ರೈವರ ಹೆಂಡತಿ, ಊಟ ತರುವ ಇನ್ನಿಬ್ಬರು.

"ಇಷ್ಟೊಂದು ಬೇಡಮ್ಮ, ಒಬ್ಬರ ಹೆಸರು ಸಾಕು" ಎಂದಳು ನರ್ಸ್.

ಅಕ್ಕ ನನ್ನ ಮುಖ ನೋಡಿದಳು. ಯಾರ ಹೆಸರು ಬಿಡಲಿ ಎಂದು ಯೋಚಿಸುತ್ತಾ, ಮತ್ತೆ ಮೊದಲಿನಿಂದ ಬೆರಳು ಮಡಿಸತೊಡಗಿದಳು.