ಮುನಿ ಎಂದು ಶುರುವಾಗುವ ಹೆಸರುಗಳು

ಬಾಗಲೂರಿನ ಸ್ಕ್ಯಾನಿಂಗ್ ಸೆಂಟರಿನ ಹಳೆಯ ಸರ್ವರಿನಲ್ಲಿ ರೋಗಿಗಳ ಫೈಲುಗಳಿಗಿಂತ ಹೆಚ್ಚು ಜಾಗ ತಿನ್ನುತ್ತಿದ್ದದ್ದು ಮಾಲೀಕ ಅನಂತರಾಜು ಅವರ ತಂದೆ ಮುನಿಶಾಮಪ್ಪನವರ ಹುಟ್ಟುಹಬ್ಬದ ವಿಡಿಯೊಗಳು. ಎಲ್ಲವನ್ನೂ ಹೊಸ ಸರ್ವರಿಗೆ ನಕಲು ಮಾಡಲು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದ ಸೆಂಟರಿನ ಕಂಪ್ಯೂಟರ್ ಹುಡುಗಿ ಚೈತ್ರ, ಆ ವಿಡಿಯೊಗಳಿದ್ದ ‘ಮುನಿಶಾಮಪ್ಪ’ ಫೋಲ್ಡರ್ ಮಾತ್ರ ಬೇಡವೆಂದುಕೊಂಡಳು. ಪೂರ್ತಿ ಹೆಸರು ಟೈಪ್ ಮಾಡಲು ಸೋಮಾರಿತನ. ‘ಮುನಿ’ಯಿಂದ ಶುರುವಾಗುವುದನ್ನೆಲ್ಲ ಬಿಟ್ಟುಬಿಡು ಎಂದು ನಿಯಮ ಹಾಕಿದಳು. ಸ್ಕ್ರಿಪ್ಟ್ ಒಂದೂ ತಕರಾರಿಲ್ಲದೆ ಮುಗಿಯಿತು. ಹೇಳಿದ್ದನ್ನು ಹೇಳಿದಂತೆ ಮಾಡುವುದರಲ್ಲಿ ಕಂಪ್ಯೂಟರಿನಷ್ಟು ವಿಧೇಯ ಪ್ರಾಣಿ ಇನ್ನೊಂದಿಲ್ಲ. ಅದೇ ಅದರ ದೊಡ್ಡ ಐಬು.

ಮಾರನೆಯ ದಿನ ಹಳೆಯ ಸರ್ವರನ್ನು ಕೊಂಡಿದ್ದ ಖಾದರ್ ಬಾಷಾ ಯಶವಂತಪುರದಿಂದ ಗೂಡ್ಸ್ ಆಟೊ ತಂದು ಅದನ್ನು ಹೇರಿಸುತ್ತಿದ್ದರು. ಅದೇ ಹೊತ್ತಿಗೆ ಮುನಿಕೆಂಪಮ್ಮ ಎಂಬ ಅಜ್ಜಿ ಕತ್ತಿನ ಗಡ್ಡೆ ತೋರಿಸಲು ಬಂದರು. ಡಾಕ್ಟರ್ ರಮಾ ಹೊಸದಾಗಿ ಸ್ಕ್ಯಾನ್ ಮಾಡಿ, ಹೋದ ವರ್ಷದ್ದೂ ಬೇಕೆಂದರು. ಗಡ್ಡೆ ಬೆಳೆದಿದ್ದರೆ ಆಪರೇಷನ್, ಇಲ್ಲದಿದ್ದರೆ ನೆಮ್ಮದಿಯಾಗಿ ಮನೆಗೆ.

ಚೈತ್ರ ಹೊಸ ಸರ್ವರಿನಲ್ಲಿ ರೋಗಿಯ ಹೆಸರು ಹಾಕಿ ಹುಡುಕಿದಳು. ಮುನಿಕೆಂಪಮ್ಮ ಇಲ್ಲ. ಮುನಿರಾಮಯ್ಯ ಇಲ್ಲ, ಮುನಿಯಲ್ಲಪ್ಪನೂ ಇಲ್ಲ. ಮನೆಗೊಬ್ಬರಾದರೂ ಮುನೇಶ್ವರನ ಹೆಸರಿಟ್ಟುಕೊಂಡಿರುವ ಈ ಸೀಮೆಯಲ್ಲಿ ಅವಳು ಅರ್ಧ ಊರನ್ನೇ ಹೊರಗೆ ಹಾಕಿದ್ದಳು. ಓಡಿಹೋಗಿ ಆಟೊದ ಮುಂದೆ ನಿಂತಳು.

"ಬಾಷಾ ಭಾಯ್, ಸರ್ವರ್ ಇಳಿಸಿ."

"ಏನಮ್ಮಾ, ಎರರ್ ಬಂದಿಲ್ಲ ಅಂದ್ಯಲ್ಲ?" ಅನಂತರಾಜು ರೇಗಿದರು.

"ಎರರ್ ಬಂದಿಲ್ಲ ಸಾರ್. ‘ಮುನಿ’ ಅಂತ ಶುರುವಾಗೋದ್ಯಾವುದೂ ಬೇಡ ಅಂತ ನಾನೇ ಅದಕ್ಕೆ ಹೇಳಿದ್ದೆ. ಎಲ್ಲಾ ಕಾಪಿ ಆಗೋವರ್ಗೂ ಈ ಆಟೊ ಹೋಗಲ್ಲ."

"ಸರಿ, ಅಪ್ಪಂದು ಒಂದು ಬಿಟ್ಟು ಉಳಿದಿದ್ದೆಲ್ಲ ಹಾಕು."

"ಪೇಷೆಂಟ್‌ಗಳಲ್ಲೂ ಎಷ್ಟು ಜನ ಮುನಿಶಾಮಪ್ಪ ಇದಾರೋ! ಈ ಸಲ ಯಾರನ್ನೂ ಬಿಡಲ್ಲ ಸಾರ್. ವಿಡಿಯೊನೂ ಬರ್ಲಿ."

ಖಾದರ್ ಬಾಷಾ ಗೊಣಗುತ್ತಲೇ ಸರ್ವರನ್ನು ಒಳಗೆ ತಂದಿಟ್ಟರು. ಚೈತ್ರ ಆ ನಿಯಮದ ಸಾಲನ್ನೇ ಅಳಿಸಿ ಸ್ಕ್ರಿಪ್ಟ್ ಓಡಿಸಿದಳು.

ಮಧ್ಯಾಹ್ನ ದಾಟಿದ ಮೇಲೆ ಅಜ್ಜಿಯ ಫೈಲು ಬಂತು. ಚೈತ್ರಳಿಗೆ ಕುಣಿಯುವಷ್ಟು ಖುಷಿ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ರಮಾ ತಮ್ಮ ಕುರ್ಚಿಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡರು. ಖುಷಿಪಟ್ಟಿದ್ದಕ್ಕೆ ಚೈತ್ರಳಿಗೆ ನಾಚಿಕೆಯಾಯಿತು.

"ತುಂಬಾ ಬೆಳೆದಿದೆ ಅಜ್ಜಿ. ಆಪರೇಷನ್ ಮಾಡಿಸ್ಲೇಬೇಕು. ಮುಂದಿನ ವಾರ..."

ಅಜ್ಜಿ ಸೆರಗು ಬಿಗಿದುಕೊಂಡು ಎದ್ದರು.

"ಮುಂದಿನ್ ವಾರ ಯಾಕವ್ವಾ, ಅದು ಇನ್ನೂ ಬೆಳೀಲಿ ಅಂತಾನಾ? ಎಲ್ಲಿಗ್ ಓಗ್ಬೇಕು ಏಳು. ನಾಳೇನೇ ಓಯ್ತೀನಿ."